ತೊಂಬತ್ತೆರಡು ಸುತ್ತಿನ ಹಾಡು

ಕಂಪನಿ ನಾಟಕದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಮಾಸ್ತರನಿಗೆ ಎರಡು ಕಿವಿ ಇದ್ದರೆ ಸಾಕು, ಬಾಯಿ ಯಾಕೆ ಬೇಕು ಎಂದು ನಮ್ಮ ಮಾಲಕರು ಆಗಾಗ ಹೇಳುತ್ತಿದ್ದರು. ಅದನ್ನು ತಮಾಷೆ ಎಂದುಕೊಂಡು ನಾನೂ ಹಲ್ಲು ಕಿರಿಯುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ. ಗೋಕಾಕದಿಂದ ಹುಕ್ಕೇರಿಯವರೆಗಿನ ಆ ಆರು ತಿಂಗಳು ನಾನು ಥೇಟ್ ಆ ಮಾತಿನಂತೆಯೇ ನಡೆದುಕೊಂಡೆ.

ನಮ್ಮ ಸೀಮೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಕಂಪನಿಯ ಮುಕ್ಕಾಂ ಗೋಕಾಕದಲ್ಲಿ, ತಗಡಿನ ಥೇಟರಿನಲ್ಲಿ. ಪರದೆ ಬರೆಸಲು ಕೊಲ್ಲಾಪುರಕ್ಕೆ ಹೋಗಿದ್ದ ಮಾಲಕರು ಅಲ್ಲಿ ಒಂದು ಮರಾಠಿ ಆಟ ನೋಡಿಕೊಂಡು, ತಲೆಯಲ್ಲಿ ಒಂದು ಹುಳ ಬಿಟ್ಟುಕೊಂಡು ಬಂದರು. ಆ ಆಟದಲ್ಲಿ ಇಂಗ್ಲಿಷ್ ಮಟ್ಟಿನ ಒಂದು ಹಾಡು ಇತ್ತಂತೆ. ಮೂಲದಲ್ಲಿ ಅದು ಅಮೇರಿಕದ ಹಳ್ಳಿ ಕಡೆಯ ಹಾಡು, ಗಿಟಾರು ಹಿಡಿದು ಒಬ್ಬ ಗಂಡಸು ಹಾಡಿದ್ದು. ಮರಾಠಿಯವರು ಅದನ್ನು ಬಾವಿಗೆ ನೀರು ತರಲು ಹೋಗುವ ಹುಡುಗಿಯ ಚೆಲ್ಲಾಟದ ಹಾಡು ಮಾಡಿದ್ದರು.

"ಮಂದಿ ಹುಚ್ಚಾಗ್ಯಾರ ಮಾಸ್ತರ್ರ. ನಮ್ಮ ಆಟದಾಗೂ ಅದು ಬರಬೇಕು. ಒಂದು ನುಡಿ ಮರಾಠಿ, ಒಂದು ನುಡಿ ಕನ್ನಡ. ಈ ಕಡೆ ಮಂದಿಗೆ ಎರಡೂ ತಿಳೀತೈತಿ" ಎಂದರು.

ಮಟ್ಟು ಹಿಡಿಯಲು ಮೂಲದ ರೆಕಾರ್ಡ್ ಬೇಕಲ್ಲ? ಚಹಾ ಅಂಗಡಿಯಲ್ಲಿ ವಿಚಾರಿಸಿದಾಗ, ಹುಕ್ಕೇರಿ ಹತ್ತಿರದ ಘೋಡಗೇರಿಯಲ್ಲಿ ಒಬ್ಬ ನಿವೃತ್ತ ಸುಬೇದಾರರ ಹತ್ತಿರ ಇಂಗ್ಲಿಷ್ ರೆಕಾರ್ಡುಗಳಿವೆ ಎಂದು ತಿಳಿಯಿತು. ಮ್ಯಾನೇಜರನನ್ನು ಕಳಿಸಿದರು. ಸುಬೇದಾರರು ರೆಕಾರ್ಡನ್ನು ಒಂದು ಟಾವೆಲ್ಲಿನಲ್ಲಿ ಸುತ್ತಿ, "ನಾಕು ಮಂದಿ ಕಿವಿಗೆ ಬೀಳಲಿ, ಕೆಲಸ ಮುಗಿದ ಮ್ಯಾಲ ತಿರುಗಿ ಕೊಡ್ರಿ" ಎಂದು ಕೊಟ್ಟು ಕಳಿಸಿದರು.

ಮಾಲಕರ ಹತ್ತಿರ ಹಿತ್ತಾಳೆ ತುತ್ತೂರಿಯ ಹಳೆಯ ಗ್ರಾಮಫೋನು ಇತ್ತು. ಮುಂಜಾನೆಯ ತಾಲೀಮಿನಲ್ಲಿ ಕೀಲಿ ಕೊಟ್ಟು ರೆಕಾರ್ಡ್ ಹಚ್ಚಿದೆವು. ಗಿಟಾರು ಕುದುರೆಯ ಹಾಗೆ ಓಡುತ್ತಿತ್ತು. ಗಂಡಸಿನ ದನಿ ಸಣ್ಣಗೆ, ಮೂಗಿನಿಂದ ಬಂದಂತೆ ಕೇಳುತ್ತಿತ್ತು. ತಬಲಾದವನು ನಕ್ಕ. "ಅಮೇರಿಕದವರ ಗಂಟಲಾನ ಹಂಗ" ಎಂದು ಮಾಲಕರು ತೀರ್ಪು ಕೊಟ್ಟರು. ಅವರು ಅಮೇರಿಕದವನೊಬ್ಬನನ್ನೂ ಕಂಡವರಲ್ಲ.

ನಾನು ಪೇಟಿ ಮುಂದಿಟ್ಟುಕೊಂಡು ಹಾಡಿನ ಷಡ್ಜ ಹುಡುಕಿದೆ. ಅದು ಕರಿ ಐದರ ಹತ್ತಿರ ಬಂತು, ಅಂದರೆ ಐದನೆಯ ಕಪ್ಪು ಪಟ್ಟಿಯ ಹತ್ತಿರ. ಆದರೆ ಸರಿಯಾಗಿ ಕೂಡಲಿಲ್ಲ. ಒಂದು ಕೂದಲೆಳೆಯಷ್ಟು ಕೆಳಗೆ ನಿಂತಿತು. ನನ್ನ ಕಿವಿ ಆಗಲೇ ನಿಮಿರಿತು. ಇಂಗ್ಲಿಷ್ ವಾದ್ಯಗಳೂ ನಮ್ಮ ಪೇಟಿಯೂ ಒಂದೇ ಅಳತೆಗೆ ಸ್ವರ ಕೂಡಿಸಿದಂಥವು. ಮೊದಲು ಎಷ್ಟೋ ರೆಕಾರ್ಡುಗಳಿಗೆ ನಾನು ಬೇರೆ ಕಡೆ ಪೇಟಿ ಹಿಡಿದಿದ್ದೆ, ಎಲ್ಲವೂ ಯಾವುದಾದರೂ ಪಟ್ಟಿಗೆ ಬಂದು ಕೂಡುತ್ತಿದ್ದವು. ಇದು ಎರಡು ಪಟ್ಟಿಗಳ ಸಂದಿಯಲ್ಲಿ ಸಿಕ್ಕಿಕೊಂಡಿದೆ ಎಂದರೆ ತಪ್ಪು ರೆಕಾರ್ಡಿನದಲ್ಲ, ಅದನ್ನು ತಿರುಗಿಸುವ ಯಂತ್ರದ್ದು. ಯಂತ್ರ ಜೋರಾಗಿ ತಿರುಗಿದರೆ ಹಾಡು ಓಡುತ್ತದೆ, ಶ್ರುತಿಯೂ ಮೇಲೆ ಹತ್ತುತ್ತದೆ. ಪೇಟಿ ನುಡಿಸಿ ಹೊಟ್ಟೆ ಹೊರೆಯುವವನಿಗೆ ಇಷ್ಟು ಗೊತ್ತಿರಲೇಬೇಕು. ನನಗೆ ಗೊತ್ತಿತ್ತು.

ಆಮೇಲೆ ನಾನು ಮಾಡಿದ್ದೇನು? ಯಂತ್ರದ ಮುಚ್ಚಳ ತೆಗೆದು ನೋಡಲಿಲ್ಲ. ಮಾಲಕರಿಗೆ ಹೇಳಲಿಲ್ಲ. ಪೇಟಿ ಬಿಚ್ಚಿ, ಹಿತ್ತಾಳೆಯ ಸ್ವರಗಳ, ಅಂದರೆ ಗಾಳಿಗೆ ನುಡಿಯುವ ತೆಳ್ಳನೆಯ ನಾಲಗೆಗಳ, ಬುಡವನ್ನು ಚೂರಿಯಿಂದ ಒಂದೊಂದಾಗಿ ಕೆರೆದೆ. ಬುಡ ಕೆರೆದರೆ ಸ್ವರ ಇಳಿಯುತ್ತದೆ. ನನ್ನ ಪೇಟಿಗೆ ಎರಡು ಸಾಲು ಸ್ವರಗಳಿದ್ದವು. ಒಂದು ಸಾಲನ್ನು ಪೂರ್ತಿ ಕೆರೆದು ಆ ಕೆಟ್ಟ ಯಂತ್ರಕ್ಕೆ ಹೊಂದಿಸಿದೆ, ಇನ್ನೊಂದು ಸಾಲಿನ ಗಾಳಿ ಮುಚ್ಚಿದೆ. ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನಿಗೂ ನನಗೂ ಏನು ವ್ಯತ್ಯಾಸ? ಎರಡು ದಿನದ ಕೆಲಸ ಅದು. ಬಹಳ ನಾಜೂಕಾಗಿ ಮಾಡಿದೆ ಎಂದು ಹೆಮ್ಮೆ ಬೇರೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ರಂಗದ ಮೇಲಿನ ಯುಕ್ತಿ ನನ್ನದೇ. ನಾಯಕಿ ಗ್ರಾಮಫೋನು ಹಚ್ಚುತ್ತಾಳೆ, ಇಂಗ್ಲಿಷ್ ಹಾಡು ಒಂದು ನುಡಿ ನಡೆಯುತ್ತದೆ, ಅವಳು ಸೂಜಿ ಎತ್ತಿ ಅದೇ ಶ್ರುತಿಯಲ್ಲಿ, ಅದೇ ಓಟದಲ್ಲಿ ಮರಾಠಿ ನುಡಿ ಎತ್ತಿಕೊಳ್ಳುತ್ತಾಳೆ, ಆಮೇಲೆ ಕನ್ನಡ. ಮಾಲಕರು ನನ್ನ ಬೆನ್ನು ತಟ್ಟಿದರು. ಕನ್ನಡದ ಸಾಲುಗಳನ್ನು ನಾನೇ ಕಟ್ಟಿದೆ.

ಬಾವೀಗಿ ಹೋಗೂನು ಬಾರ ಗೆಳತಿ,
ಕೊಡದಾಗ ಕುಣಿದಾವ ನೀರ.

ಮರಾಠಿಯವರು ನೀರು ಎಂದಿದ್ದರು, ನಾನೂ ನೀರು ಎಂದೆ. ಮೂಲದಲ್ಲಿ ಏನಿದೆ ಎಂದು ಕೇಳುವ ಗೊಡವೆಗೆ ಹೋಗಲಿಲ್ಲ.

ನಮ್ಮ ನಾಯಕಿಯದು ಬಿಳಿ ಐದು, ಅಂದರೆ ಐದನೆಯ ಬಿಳಿ ಪಟ್ಟಿಯ ಶ್ರುತಿ. ತುಂಬು ದನಿ. ತಾಯಿ, ಇಬ್ಬರು ತಂಗಿಯರು ಅವಳ ಗಂಟಲಿನ ಮೇಲೆಯೇ ಬದುಕಿದ್ದರು. ಕರಿ ಐದು ಎಂದರೆ ಅವಳ ಶ್ರುತಿಗಿಂತ ಮೂರು ಪಟ್ಟಿ ಮೇಲೆ, ಹಾಡಿನ ಕೊನೆಯ ಎಳೆತ ತಾರಸಪ್ತಕದ ಪಂಚಮಕ್ಕೆ ಮುಟ್ಟುತ್ತಿತ್ತು. ಕಂಪನಿಯಲ್ಲಿ ಇದ್ದದ್ದು ಒಂದೇ ಮೈಕು. ಅದನ್ನೂ ಗ್ರಾಮಫೋನಿನ ತುತ್ತೂರಿಗೆ ಕಟ್ಟಿದ್ದರು! ತಗಡಿನ ಥೇಟರಿನ ಕಟ್ಟಕಡೆಯ ಬೆಂಚಿಗೆ ಕೇಳುವಂತೆ ಅವಳು ಬರೀ ಗಂಟಲಲ್ಲಿ ಕೂಗಬೇಕಾಗಿತ್ತು.

ಗೋಕಾಕದ ಮಂದಿ ಥೇಟರು ಹಾರಿಹೋಗುವಂತೆ 'ವನ್ಸ್ ಮೋರ್' ಕೂಗಿದರು. ಒಂದೊಂದು ಆಟಕ್ಕೆ ಮೂರು ಸಲ, ನಾಲ್ಕು ಸಲ. ಮಾಲಕರು ಒಂದನ್ನೂ ಬಿಡಗೊಡಲಿಲ್ಲ.

ಮೂಡಲಗಿ ಮುಕ್ಕಾಮಿಗೆ ಬರುವ ಹೊತ್ತಿಗೆ ಅವಳ ಟ್ರಂಕಿನಲ್ಲಿ ಜ್ಯೇಷ್ಠಮಧು, ಕರಿಮೆಣಸು, ಕಲ್ಲುಸಕ್ಕರೆ ತುಂಬಿದ್ದವು. ಮುಂಜಾನೆ ಅವಳ ದನಿ ಒಡಕು ಗಡಿಗೆಯಂತೆ ಬರುತ್ತಿತ್ತು. ಒಂದು ದಿನ ತಾಲೀಮಿಗೆ ಎಲ್ಲರಿಗಿಂತ ಮೊದಲು ಬಂದು ನನ್ನ ಪೇಟಿಯ ಮುಂದೆ ಕುಳಿತಳು.

"ಮಾಸ್ತರ್, ಒಂದು ಕೇಳತೇನಿ. ಈ ಮಷೀನ್ ಖರೆ ಐತೇನ್ರಿ? ಆ ಹಾಡಿದಾವ ಗಂಡಸು. ಗಂಡಸಿಗೆ ಅಷ್ಟು ಎತ್ತರ ಹೆಂಗ ಹತ್ತತೈತ್ರಿ?"

ಅವಳಿಗೆ ಅನುಮಾನ ಬಂದಿತ್ತು. ಪೇಟಿ ನುಡಿಸಲು ಬಾರದವಳಿಗೆ ಬಂದಿತ್ತು. ನಾನು ಸುಮ್ಮನೆ ತಿದಿ ಒತ್ತುತ್ತಾ, "ರೆಕಾರ್ಡ್ ಅಂದ್ರ ರೆಕಾರ್ಡ್ ಬಾಯಾರ. ಅದು ಸುಳ್ಳು ಹೇಳೂದಿಲ್ಲ" ಎಂದೆ.

ಈ ಸುಳ್ಳು ಯಾಕೆ ಹೇಳಿದೆ? ಯಂತ್ರ ಕೆಟ್ಟಿದೆ ಎಂದರೆ, ಗೋಕಾಕದಲ್ಲಿ ಎರಡು ದಿನ ಕೂತು ಸ್ವರ ಕೆರೆದೆಯಲ್ಲ, ಆಗ ಯಾಕೆ ಬಾಯಿ ಬಿಡಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅಷ್ಟಕ್ಕೇ. ನನ್ನ ಮಾನ ಉಳಿಸಿಕೊಳ್ಳಲು ಅವಳ ಗಂಟಲನ್ನು ಒತ್ತೆ ಇಟ್ಟೆ. ಅವಳು ತಲೆಯಾಡಿಸಿ ಎದ್ದುಹೋದಳು.

ಆಮೇಲೆ ಮಾಲಕರ ಹತ್ತಿರವೇ ಹೋಗಿ ಶ್ರುತಿ ಇಳಿಸಲು ಕೇಳಿದಳಂತೆ. ಅವರು ಎಲೆ ಅಡಿಕೆ ಜಗಿಯುತ್ತಾ ಎಲ್ಲರೆದುರು, "ಕುಣಿಯಾಕ ಬಾರದಾಕಿ ನೆಲಾ ಡೊಂಕ ಅಂದ್ಲಂತ" ಎಂದರು. ಅಲ್ಲಿದ್ದವರು ನಕ್ಕರು. ನೆಲ ನಿಜವಾಗಿಯೂ ಡೊಂಕಾಗಿದೆ ಎಂದು ಬಲ್ಲವನು ನಾನೊಬ್ಬ, ನಾನೂ ತಲೆ ತಗ್ಗಿಸಿ ಕುಳಿತೆ.

ಹುಕ್ಕೇರಿಗೆ ಬಂದ ಮೊದಲ ವಾರದಲ್ಲೇ ಅವಳ ದನಿ ಪಂಚಮದಲ್ಲಿ ಫಟ್ಟನೆ ಒಡೆಯಿತು. ಅಲ್ಲಿಯ ಡಾಕ್ಟರರು ಗಂಟಲಿಗೆ ಸಣ್ಣ ಕನ್ನಡಿ ಇಟ್ಟು ನೋಡಿದರು. ಜೊತೆಗೆ ಹೋಗಿದ್ದವನು ನಾನೇ.

"ಒಳಗ ಗಂಟು ಕಟ್ಟ್ಯಾವ. ಎತ್ತರದಾಗ ಹಾಡೂದು ಇವತ್ತಿಗೇ ಬಿಡ್ರಿ. ಇಲ್ಲಾಂದ್ರ ನಾಳೆ ಮಾತಾಡಾಕೂ ದನಿ ಉಳಿಯೂದಿಲ್ಲ" ಎಂದರು. ಅವಳು ಅಳಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಗೆ ಬಂದಳು. ಮಾಲಕರಿಗೆ ತಿಳಿಸಿದರೆ, "ಡಾಕ್ಟರ್ ಆಟ ನಡಸ್ತಾನೇನು?" ಎಂಬ ಉತ್ತರ ಬಂತು. ಅವಳು ಅದೇ ಶ್ರುತಿಯಲ್ಲಿ ಹಾಡುತ್ತಲೇ ಇರಬೇಕಾಯಿತು.

ಅದೇ ವಾರ ಘೋಡಗೇರಿಯಿಂದ ಸುಬೇದಾರರು ಆಟ ನೋಡಲು ಬಂದರು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು. ತಮ್ಮ ರೆಕಾರ್ಡ್ ರಂಗದ ಮೇಲೆ ಹಾಡುವುದನ್ನು ನೋಡಬೇಕಲ್ಲ! ಕುರ್ಚಿಯ ಟಿಕೀಟು ತೆಗೆಸಿದ್ದರು. ಅವರ ಮನೆ ಊರ ಹೊರಗಿನ ಕೇರಿಯಲ್ಲಿ ಎಂದು ಬಾಗಿಲಿನವನಿಗೆ ಯಾರೋ ಉಸುರಿದರು. ಮಾಲಕರು ಅವರನ್ನು ಎಬ್ಬಿಸಿ ಹಿಂದಿನ ಚಾಪೆಗೆ ಕಳಿಸಿದರು. ಅವರ ರೆಕಾರ್ಡ್ ಬೇಕು, ಅವರು ಬೇಡ! ಪೇಟಿಯ ಹಿಂದಿನಿಂದ ಇದನ್ನೆಲ್ಲ ಕಂಡೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮರುದಿನ ಮುಂಜಾನೆ ಅವರು ಥೇಟರಿನ ಹಿಂಬಾಗಿಲಿಗೆ ಬಂದರು. ಕುರ್ಚಿಯ ಸುದ್ದಿ ಎತ್ತಲೇ ಇಲ್ಲ.

"ಮಾಸ್ತರ್, ನಿಮ್ಮ ಹಾಡು ಓಡಾಕತ್ತೈತ್ರಿ" ಎಂದರು.

"ಹಂಗಂದ್ರ?"

"ಅದು ನಡಿಯೋ ಹಾಡು. ನೀವು ಅದನ್ನ ಓಡಸಾಕತ್ತೀರಿ. ರೆಕಾರ್ಡ್ ತಗೊಂಡು ನಮ್ಮ ಮನೀಗೆ ಬರ್ರಿ, ಕೇಳಸ್ತೇನಿ."

ಅವತ್ತೇ ಅವರ ಜೊತೆ ಬಸ್ಸು ಹಿಡಿದೆ. ಅವರ ಮನೆಯ ಪಡಸಾಲೆಯಲ್ಲಿ ಪೆಟ್ಟಿಗೆ ಗ್ರಾಮಫೋನು ಇತ್ತು, ಮಿಲಿಟರಿಯವರ ಬೂಟಿನ ಹಾಗೆ ಒರೆಸಿ ಇಟ್ಟದ್ದು. ಕೀಲಿ ಕೊಟ್ಟರು, ಸೂಜಿ ಇಳಿಸಿದರು.

ಅದು ಬೇರೆಯೇ ಹಾಡು. ತಗ್ಗಿನ, ದಣಿದ ಗಂಡು ದನಿ. ಗಿಟಾರಿನ ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

ಸುಬೇದಾರರು ಯುದ್ಧದ ಕಾಲಕ್ಕೆ ಅಸ್ಸಾಮಿನ ಗಡಿಯಲ್ಲಿದ್ದವರು. ಅಲ್ಲಿ ರಸ್ತೆ ಕಡಿಯಲು ಬಂದಿದ್ದ ಅಮೇರಿಕದ ಲಾರಿ ಡ್ರೈವರನೊಬ್ಬ ಅವರಿಗೆ ಈ ರೆಕಾರ್ಡ್ ಕೊಟ್ಟು, ಮುರುಕು ಹಿಂದಿಯಲ್ಲಿ ಅರ್ಥ ಹೇಳಿದ್ದನಂತೆ.

"ಹೇಣ್ತಿ ಸತ್ತಾಳ್ರಿ. ಸಾಯೂಕಿಂತ ಮೊದಲ ಅಂಗಳದಾಗ ಒಂದು ಹಣ್ಣಿನ ಗಿಡಾ ಹಚ್ಚಿದ್ಲು. ಇಂವಾ ದಿನಾ ಮುಂಜಾನೆ ಎದ್ದು ಅದಕ್ಕ ನೀರು ಹಾಕತಾನ. ಅಷ್ಟ ಹಾಡು. ಕುಣಿಯೋದಲ್ಲ ಮಾಸ್ತರ್, ಅಳೋದು."

ನಾನು ಕಟ್ಟಿದ ಕುಣಿಯುವ ನೀರು ನೆನಪಾಗಿ ನಾಚಿಕೆಯಿಂದ ಹಿಡಿಯಾದೆ.

ಆಮೇಲೆ ಅವರು ಲೆಕ್ಕ ತೋರಿಸಿದರು. ರೆಕಾರ್ಡಿನ ಕೆಳಗೆ ಬಿಳಿ ಕಾಗದದ ಚೂರು ಸಿಗಿಸಿ, ಅದರ ತುದಿ ಹೊರಗೆ ಇಣುಕುವಂತೆ ಬಿಟ್ಟು, ಕೈಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿದರು. ಎಪ್ಪತ್ತೆಂಟು ಸುತ್ತು. ರೆಕಾರ್ಡಿನ ಮೇಲೂ ಅದೇ ಅಂಕಿ ಅಚ್ಚಾಗಿತ್ತು. ಅವರ ಗಡಿಯಾರ ಕೇಳಿ ಪಡೆದುಕೊಂಡು ಹುಕ್ಕೇರಿಗೆ ಮರಳಿ, ನಮ್ಮ ಯಂತ್ರದ ಮೇಲೆ ಹಾಗೆಯೇ ಕಾಗದ ಸಿಗಿಸಿ ಎಣಿಸಿದೆ. ತೊಂಬತ್ತೆರಡು. ಮತ್ತೆ ಎಣಿಸಿದೆ. ತೊಂಬತ್ತೆರಡೇ.

ಮುಚ್ಚಳ ಬಿಚ್ಚಿದೆ. ಒಳಗೆ ಮೂರು ಸೀಸದ ಗುಂಡುಗಳು ತಿರುಗುತ್ತವೆ. ವೇಗ ಹೆಚ್ಚಾದಂತೆ ಅವು ಅಗಲಕ್ಕೆ ಹಾರಿ ಒಂದು ತಟ್ಟೆಯನ್ನು ಎಳೆಯುತ್ತವೆ. ಆ ತಟ್ಟೆ ಹೋಗಿ ಒಂದು ತೊಗಲಿನ ಚೂರಿಗೆ ಒರಗಿದಾಗ ವೇಗ ತಡೆಯುತ್ತದೆ. ನಮ್ಮದರಲ್ಲಿ ಆ ತೊಗಲು ಸವೆದು ಎಲೆಯಷ್ಟಾಗಿತ್ತು. ಉಗುರಿನಷ್ಟು ಅಗಲದ ತೊಗಲು! ಅದಕ್ಕಾಗಿ ಒಂದು ಹೆಣ್ಣಿನ ಗಂಟಲಲ್ಲಿ ಗಂಟು ಕಟ್ಟಿತ್ತು.

ನೇರ ಮಾಲಕರ ಬಿಡಾರಕ್ಕೆ ಹೋದೆ. ಕಾಗದ, ಗಡಿಯಾರ, ಎರಡೂ ಅಂಕಿ ಹೇಳಿದೆ. ಅವರು ಪೂರ್ತಿ ಕೇಳಿದರು. ಅವರಿಗೆ ತಿಳಿಯಲಿಲ್ಲ ಎಂದು ನಾನು ಹೇಳಲಾರೆ. ಚೆನ್ನಾಗಿಯೇ ತಿಳಿಯಿತು.

"ಓಡಿದ್ರ ಓಡಲಿ ಬಿಡ್ರಿ. ಓಡತೈತಂತ ಮಂದಿ ವನ್ಸ್ ಮೋರ್ ಅಂತಾರ" ಎಂದರು.

"ಆಕೀ ಗಂಟಲು ಹೋಗಾಕತ್ತೈತಿ ಮಾಲಕರ."

"ಹೋದ್ರ ಇನ್ನೊಬ್ಬಾಕಿ ಬರತಾಳ. ಆ ಕೇರಿ ಸುಬೇದಾರನ ಮಾತು ಕೇಳಿ ನಾ ಕಂಪನಿ ನಡಸಬೇಕೇನು? ನಿಮಗ ಪೇಟಿ ಕೆಲಸ ಕೊಟ್ಟೇನಿ, ಬಾಯಿ ಕೊಟ್ಟಿಲ್ಲ."

ಗಡಿಯಾರವನ್ನು ಕಿಸೆಗೆ ತುರುಕಿದೆ. ಹಾಗೆ ಸಿಟ್ಟು ಬಂದದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಇವರಿಗೆ ಇನ್ನೊಮ್ಮೆ ಕೇಳುವುದಿಲ್ಲ ಎಂದು ಅಲ್ಲಿಯೇ ನಿಶ್ಚಯಿಸಿದೆ.

ಸಂತೆಯ ದಿನ ಮಧ್ಯಾಹ್ನದ ಆಟ ಇರುತ್ತಿತ್ತು. ಹಿಂದಿನ ದಿನ ಕೂತು ಕನ್ನಡದ ಸಾಲುಗಳನ್ನು ಹರಿದು ಬೇರೆ ಬರೆದೆ.

ನೀ ಹಚ್ಚಿದ ಗಿಡಕೊಂದು ತಂಬಿಗಿ ನೀರ
ನೀ ಇರದ ಮುಂಜಾನಿ ನಾ ಹಾಕತೇನ.

ನಾಯಕಿಗೆ ಅರ್ಥ ಹೇಳಿ, ಬಿಳಿ ಐದರಲ್ಲಿ ಮೆಲ್ಲಗೆ ಗುನುಗಿ ತೋರಿಸಿದೆ. ಯಂತ್ರ ಸರಿ ಮಾಡುತ್ತೇನೆ ಎಂದೂ ಹೇಳಿದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಮರಾಠಿ ನುಡಿ ಬ್ಯಾಡ್ರಿ. ಇದನ್ನ ಎರಡು ಸಲ ಹಾಡತೇನಿ" ಎಂದಳು.

ಆಟದ ದಿನ ಎಲ್ಲರೂ ಊಟಕ್ಕೆ ಹೋದಾಗ ಯಂತ್ರ ಬಿಚ್ಚಿದೆ. ಒಳ್ಳೆಯ ತೊಗಲು ಸಿಗಲಿಲ್ಲ. ಪೇಟಿಯ ಪಟ್ಟಿ ಹಲಗೆಗೆ ಬಡಿದು ಸದ್ದಾಗದಿರಲಿ ಎಂದು ಕೆಳಗೆ ದಪ್ಪ ಉಣ್ಣೆಬಟ್ಟೆ ಹಾಕಿರುತ್ತಾರೆ. ನನ್ನ ಪೇಟಿಯ ಕರಿ ಐದರ ಕೆಳಗಿನ ಚೂರನ್ನೇ ಕತ್ತರಿಸಿ, ಎರಡು ಮಡಿಕೆ ಮಾಡಿ, ಅಂಟು ಹಚ್ಚಿ, ಒಂದು ತೊಟ್ಟು ಎಣ್ಣೆ ಬಿಟ್ಟು ಕೂಡಿಸಿದೆ. ಕಾಗದ ಸಿಗಿಸಿ ಎಣಿಸಿದೆ. ಎಂಬತ್ತೊಂದು. ಪಕ್ಕದ ತಿರುಪನ್ನು ಒಂದಿಷ್ಟು ಸರಿಸಿದೆ. ಎಪ್ಪತ್ತೆಂಟಕ್ಕೆ ನಿಂತಿತು. ಪೇಟಿಯಲ್ಲಿ ಕೆರೆದ ಸಾಲನ್ನು ಮುಚ್ಚಿ, ಕೆಡಿಸದೆ ಉಳಿಸಿದ್ದ ಸಾಲು ತೆರೆದೆ. ಬಿಳಿ ಐದು ರೆಕಾರ್ಡಿನ ಷಡ್ಜಕ್ಕೆ ಸರಿಯಾಗಿ ಕೂಡಿತು. ಆಮೇಲೆ ಏಣಿ ಹತ್ತಿ ತುತ್ತೂರಿಗೆ ಕಟ್ಟಿದ್ದ ಮೈಕು ಬಿಚ್ಚಿ, ಅವಳು ನಿಲ್ಲುವ ಜಾಗದ ಮೇಲೆ ಕಟ್ಟಿದೆ.

ಸುಬೇದಾರರಿಗೆ ಹೇಳಿ ಕಳಿಸಿದ್ದೆ. ಅವರು ಬಂದಾಗ ಬಾಗಿಲಿನವನ ಎದುರೇ ಕೈಹಿಡಿದು ಕರೆತಂದು, ರಂಗದ ಕೆಳಗೆ ಪೇಟಿಯ ಬಾಜೂಕ್ಕೆ ಕುರ್ಚಿ ಹಾಕಿ ಕೂಡಿಸಿದೆ. ಬಾಗಿಲಿನವನು ಬಾಯಿ ತೆರೆದ. "ಮಾಲಕರ್ನ ಕೇಳು ಹೋಗು" ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಸಂತೆ ಮುಗಿಸಿಕೊಂಡು ಬೆಲ್ಲದ ಬಾಗೇವಾಡಿ, ಕಣಗಲಾ ಕಡೆಯಿಂದ ಬಂದ ಮಂದಿ ತುಂಬಿದ್ದರು. ಹಾಡಿನ ಹೊತ್ತು ಬಂತು. ಅವಳು ಸೂಜಿ ಇಳಿಸಿದಳು. ತಗ್ಗಿನ ಗಂಡು ದನಿ ಬಂದ ಕೂಡಲೇ ಪರದೆಯ ಬದಿಗೆ ನಿಂತಿದ್ದ ಮಾಲಕರ ಮುಖ ಕಪ್ಪಿಟ್ಟಿತು. ಅವಳು ಸೂಜಿ ಎತ್ತಿ ಹಾಡು ಹಿಡಿದಳು. ಮೇಲಿನ ಸ್ವರಗಳಲ್ಲಿ ಹರಿದುಹೋಗಿದ್ದ ದನಿ ಇಲ್ಲಿ, ತನ್ನ ಮನೆಯಲ್ಲಿ, ಇನ್ನೂ ಗಟ್ಟಿಯಾಗಿತ್ತು. ಒಂದು ಕಡೆ ಒಡೆಯಿತು. ಅವಳು ನಿಲ್ಲಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ನನ್ನ ಕರಿ ಐದು ಮುಟ್ಟಿದಾಗೆಲ್ಲ ಟಕ್ ಎಂದು ಹಲಗೆಗೆ ಬಡಿಯುತ್ತಿತ್ತು. ಸುಬೇದಾರರು ಮೊಣಕಾಲಿನ ಮೇಲೆ ಬೆರಳಿನಿಂದ ಲಯ ಹಾಕುತ್ತಾ ಕಣ್ಣು ಮುಚ್ಚಿದ್ದರು.

ಹಾಡು ಮುಗಿಯಿತು. ಹಿಂದಿನಿಂದ ಯಾರೋ ಒಬ್ಬ "ಜೋರ್ ಹಚ್ಚಲೇ" ಎಂದು ಸಿಳ್ಳೆ ಹಾಕಿದ. ಅವನನ್ನು ಬಿಟ್ಟರೆ ಥೇಟರೆಲ್ಲ ಗಪ್ಪಾಗಿತ್ತು. ವನ್ಸ್ ಮೋರ್ ಬರಲಿಲ್ಲ. ಹೆಂಗಸರ ಕಡೆ ಮೂಗು ಒರೆಸುವ ಸದ್ದಾಯಿತು.

ಮಾಲಕರು ಆಟ ಮುಗಿಯುವವರೆಗೂ ತಡೆದುಕೊಂಡರು. ಆಮೇಲೆ ರಂಗದ ಮೇಲೆಯೇ, "ಹೆಣದ ಮುಂದಿನ ಹಾಡು ಮಾಡಿದ್ಯಲ್ಲೋ ಮಾಸ್ತರ! ಮಷೀನದಾಗ ಏನ ತುರುಕೀದಿ, ಅದನ್ನ ಕಿತ್ತಿ ಒಗಿ. ನಾಳೆಯಿಂದ ಹಳೇ ಹಾಡು, ಹಳೇ ಓಟ" ಎಂದು ಒದರಿದರು.

"ಕೀಳೂದಿಲ್ಲ" ಎಂದೆ. ಇಷ್ಟು ದಿನ ಎಲ್ಲಿ ಅಡಗಿತ್ತೋ ಆ ಮಾತು!

ನಾಯಕಿ ನಿಧಾನವಾಗಿ ನಡೆದು ಹೋಗಿ ಯಂತ್ರದ ಕೀಲಿ ಕೊಡುವ ಹಿಡಿಕೆಯನ್ನು ಬಿಚ್ಚಿ ಮಾಲಕರ ಕೈಯಲ್ಲಿಟ್ಟಳು. "ನೀವ ತಿರುವ್ರಿ, ನೀವ ಹಾಡ್ರಿ. ನಂದು ಇವತ್ತಿಗೆ ಮುಗೀತು" ಎಂದಳು. ರೆಕಾರ್ಡನ್ನು ತನ್ನ ಸೆರಗಿನಿಂದ ಒರೆಸಿ ಸುಬೇದಾರರಿಗೆ ಕೊಟ್ಟಳು. ಅವರು ಅದನ್ನು ಅದೇ ಟಾವೆಲ್ಲಿನಲ್ಲಿ ಸುತ್ತಿಕೊಂಡರು. ಮಾಲಕರು ನನ್ನನ್ನು ಅಲ್ಲಿಯೇ ಕೆಲಸದಿಂದ ತೆಗೆದುಹಾಕಿದರು. ಪೇಟಿ ನನ್ನದು, ಹೊತ್ತುಕೊಂಡು ಹೊರಬಿದ್ದೆ.

ಮರುದಿನ ಮುಂಜಾನೆ ಹುಕ್ಕೇರಿಯ ಬಸ್ಸು ನಿಲ್ಲುವ ಕಡೆ ಅವಳನ್ನು ಕಳಿಸಲು ಹೋದೆ. ತಾಯಿಯ ಊರಿಗೆ ಹೊರಟಿದ್ದಳು. ಅವಳ ದನಿ ಪಿಸುಮಾತಿನಷ್ಟೇ ಬರುತ್ತಿತ್ತು. ನಾನು ಒಳ್ಳೆಯ ಕೆಲಸ ಮಾಡಿದವನ ಹಾಗೆ ಎದೆ ಉಬ್ಬಿಸಿ ನಿಂತಿದ್ದೆ, ಅದನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಎರಡು ಒಳ್ಳೆಯ ಮಾತು ಆಡುತ್ತಾಳೆ ಎಂದುಕೊಂಡಿದ್ದೆ.

"ಮಾಸ್ತರ್, ಮೂಡಲಗ್ಯಾಗ ನಾ ಕೇಳಿದ್ನೆಲ್ರಿ, ಮಷೀನ್ ಖರೆ ಐತೇನಂತ. ಆವಾಗ ನಿಮಗ ಗೊತ್ತಿತ್ತೇನ್ರಿ?"

ಇನ್ನೊಂದು ಸುಳ್ಳು ಹೇಳಬಹುದಾಗಿತ್ತು. ಮೊನ್ನೆಯಷ್ಟೇ ಸುಬೇದಾರರು ತೋರಿಸಿದರು ಎಂದಿದ್ದರೆ ಅವಳು ನಂಬುತ್ತಿದ್ದಳು.

"ಗೊತ್ತಿತ್ತು. ಗೋಕಾಕದಾಗನ ಗೊತ್ತಿತ್ತು" ಎಂದೆ.

ಅವಳು ಸಿಟ್ಟಾಗಲಿಲ್ಲ. ರಸ್ತೆಯ ಕಡೆ ನೋಡುತ್ತಾ, ಗಂಟಲು ಸರಿಪಡಿಸಿಕೊಂಡು, ಕಷ್ಟಪಟ್ಟು ಒಂದೊಂದೇ ಮಾತು ಹೊರಡಿಸಿದಳು.

"ಮಾಲಕರ ಮ್ಯಾಲ ನನಗೇನೂ ಸಿಟ್ಟಿಲ್ರಿ. ಅವರಿಗೆ ಕಿವಿ ಇಲ್ಲ. ನಿಮಗಿದ್ವು."

ಬಸ್ಸು ಬಂತು. ಅವಳ ಟ್ರಂಕನ್ನು ನಾನೇ ಮೇಲಕ್ಕೆ ಎತ್ತಿಕೊಟ್ಟೆ.